ಒಂದು ಜೀಪಿನಷ್ಟು ಅಂತಾರಾಷ್ಟ್ರೀಯ ಸಮುದಾಯ

ಅವರು ತೀರಿಕೊಂಡರೆಂದು ಕಳಸದಿಂದ ಫೋನ್ ಬಂದಾಗ ನಾನು ಮೂಡಿಗೆರೆಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಡಲೆಕಾಯಿ ತಿನ್ನುತ್ತಿದ್ದೆ. ಸುದ್ದಿ ಹೇಳಿದವರು ನನ್ನ ಹಳೆಯ ಹೆಡ್ಮಾಸ್ಟರು. "ಟೀಚರ್ರೆ, ಅಂತಾರಾಷ್ಟ್ರೀಯ ಸಮುದಾಯ ತೀವ್ರ ಸಂತಾಪ ವ್ಯಕ್ತಪಡಿಸಿದೆ" ಎಂದು ಗಂಭೀರವಾಗಿಯೇ ಹೇಳಲು ಹೋಗಿ, ಅರ್ಧಕ್ಕೆ ನಕ್ಕು, ಆಮೇಲೆ ಅತ್ತುಬಿಟ್ಟರು. ನಾನೂ ಅದೇ ಕ್ರಮದಲ್ಲಿ ನಕ್ಕು ಅತ್ತೆ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ನನ್ನ ಗಂಟಲಿಗೆ ಕಡಲೆಕಾಯಿ ಸಿಕ್ಕಿಕೊಂಡಿತೆಂದು ತಿಳಿದು ಬೆನ್ನಿಗೆ ನಾಲ್ಕು ಗುದ್ದು ಹಾಕಿದಳು. ಸತ್ತವರ ವಿಷಯದಲ್ಲಿ ನನಗೆ ಸಿಕ್ಕಿದ ಮೊದಲ ಸಾಂತ್ವನ ಅದು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬದುಕಿದ್ದಾಗ ಒಮ್ಮೆ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಕೃತಜ್ಞತೆಯ ಪಟ್ಟಿಯಲ್ಲಿ ಅವರ ಹೆಸರು ಅಚ್ಚು ಹಾಕಿಸಿದ್ದಕ್ಕೆ ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. "ನನ್ನ ಹೆಸರು ಲೈಸೆನ್ಸಲ್ಲಿದೆ, ಅಷ್ಟು ಸಾಕು" ಎಂಬುದು ಅವರ ವಾದ. ಕಳಸದಿಂದ ಬೆಟ್ಟದ ಮೇಲಿನ ಊರಿಗೆ ಬಾಡಿಗೆ ಜೀಪು ಓಡಿಸುತ್ತಿದ್ದರು. ಅಲ್ಲಿಗೆ ಬಸ್ಸಿರಲಿಲ್ಲ. ಇದ್ದದ್ದು ಅವರು, ಅವರ ಜೀಪು, ಮತ್ತು ಆ ಜೀಪಿನ ಡ್ಯಾಶ್‌ಬೋರ್ಡಿಗೆ ಸೈಕಲ್ ಟ್ಯೂಬಿನಲ್ಲಿ ಬಿಗಿದು ಕಟ್ಟಿದ್ದ ಒಂದು ರೇಡಿಯೋ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಕಡೂರಿನ ಬಯಲಿನಿಂದ ಆ ಬೆಟ್ಟಕ್ಕೆ ಸಮಾಜ ವಿಜ್ಞಾನದ ಟೀಚರಾಗಿ ಹೋದೆ. ಬಾಡಿಗೆ ಕೋಣೆ ಸಿಕ್ಕಿದ್ದು ಮೇಲಿನ ಊರಿನಲ್ಲಿ, ಹೈಸ್ಕೂಲು ಇದ್ದದ್ದು ಕಳಸದ ದಾರಿಯ ನಡುವೆ. ಹಾಗಾಗಿ ದಿನವೂ ಬೆಳಗ್ಗೆ ಅವರ ಜೀಪು, ಸಂಜೆ ಅವರದೇ ಜೀಪು. ಮೊದಲ ದಿನ ಜೀಪಿನೊಳಗೆ ಇಣುಕಿ ನೋಡಿ, "ಇದು ತುಂಬಿದೆ, ಮುಂದಿನದಕ್ಕೆ ಬರ್ತೀನಿ" ಎಂದೆ. ಒಳಗಿದ್ದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವರು ಮಾತ್ರ ನಗದೆ, ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು, ಹಿಂದೆ ತಿರುಗಿ ನೋಡದೆಯೇ ಕೂಗಿದರು.

"ಸ್ವಲ್ಪ ಸರೀರಿ ಮಾರಾಯ್ರೆ, ಟೀಚರ್ರು ಹತ್ತಲಿ."

ಎಲ್ಲರೂ ಸರಿದರು. ಎಲ್ಲಿಂದ ಎಲ್ಲಿಗೆ ಸರಿದರೋ ನನಗೆ ಇವತ್ತಿಗೂ ತಿಳಿಯದು. ಒಂದು ಗೇಣು ಜಾಗವಂತೂ ಹುಟ್ಟಿಕೊಂಡಿತು. ಅದರಲ್ಲಿ ನಾನು ಏಳು ವರ್ಷ ಕೂತೆ.

ಆ ಜೀಪಿನ ಕೂರುವ ವ್ಯವಸ್ಥೆ ತಿಳಿಯದೆ ಅವರನ್ನು ತಿಳಿಯಲು ಸಾಧ್ಯವಿಲ್ಲ. ಮುಂದೆ ಅವರ ಎಡಕ್ಕೆ ನಾಲ್ಕು ಜನ, ಬಲಕ್ಕೆ ಒಬ್ಬರು. ಹೌದು, ಡ್ರೈವರಿನ ಬಲಕ್ಕೂ ಒಬ್ಬರು! ಅರ್ಧ ಮೈ ಜೀಪಿನಲ್ಲಿ, ಅರ್ಧ ಮೈ ಗಾಳಿಯಲ್ಲಿ. ಗೇರು ಬದಲಿಸಬೇಕಾದರೆ ಇವರು ಮೊದಲು ಪಕ್ಕದವರ ಮೊಣಕಾಲನ್ನು ಎತ್ತಿ ಆಚೆ ಇಡಬೇಕಿತ್ತು. ಹಿಂದೆ ಎರಡು ಉದ್ದ ಬೆಂಚುಗಳಲ್ಲಿ ಹತ್ತು ಹನ್ನೆರಡು ಮಂದಿ, ನಡುವೆ ಮೂಟೆಗಳ ಮೇಲೆ ಮೂವರು, ಹಿಂದಿನ ಮೆಟ್ಟಿಲಿನಲ್ಲಿ ನೇತಾಡುವವರು ಬೇರೆ. ಮುಂದಿನ ಐದು ಜಾಗ ಮಾತ್ರ ಕಾಯಂ. ಅಲ್ಲಿ ಯಾರು ಕೂರಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ, ಯಾರೂ ಬದಲಿಸುವಂತೆಯೂ ಇರಲಿಲ್ಲ.

ಒಂದು ಬೆಳಗ್ಗೆ ನನ್ನ ಕೈಯಲ್ಲಿದ್ದ ಪಠ್ಯಪುಸ್ತಕದಿಂದ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಪಾಠವನ್ನು ಅವರಿಗೆ ಓದಿ ಹೇಳಿದೆ. ಐದು ಕಾಯಂ ಸದಸ್ಯರು, ಅವರಲ್ಲಿ ಯಾರೊಬ್ಬರು ಬೇಡವೆಂದರೂ ಕೆಲಸ ನಿಲ್ಲುತ್ತದೆ ಎಂದಾಗ ಅವರು ಬ್ರೇಕು ಹಾಕಿದರು. ಮುಂದಿನ ಸೀಟನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಆಮೇಲೆ ಅವರಿಗೆ ಬಂದ ನಗುವಿಗೆ ಜೀಪು ನಿಂತಲ್ಲೇ ಅಲ್ಲಾಡಿತು.

ಅವತ್ತಿನಿಂದ ಎಡತುದಿಯ ಕಿಟಕಿಯ ಜಾಗ ಅಮೆರಿಕವಾಯಿತು. ಅಲ್ಲಿ ಕೂರುತ್ತಿದ್ದವರು ಊರಿಗೆಲ್ಲ ದೊಡ್ಡ ತೋಟದ ಗೌಡರು. ಅವರಿಗೆ ಸ್ವಂತ ಜೀಪಿತ್ತು, ಆದರೆ ಅದು ಸವೆಯಬಾರದೆಂದು ಷೆಡ್ಡಿನಲ್ಲಿಟ್ಟು ನಮ್ಮ ಜೀಪಿನಲ್ಲಿ ಓಡಾಡುತ್ತಿದ್ದರು. ಪಕ್ಕದಲ್ಲಿ ಅಂಗಡಿಯವರು, ಬ್ರಿಟನ್. ಗೌಡರು ಏನು ಹೇಳಿದರೂ ಎರಡು ಕ್ಷಣ ಬಿಟ್ಟು ಅದನ್ನೇ ಸ್ವಲ್ಪ ಉದ್ದ ಮಾಡಿ ಹೇಳುವವರು. ಉಳಿದ ಮೂವರಿಗೂ ಒಂದೊಂದು ದೇಶ ಹಂಚಿದರು. ಹಿಂದೆ ಕೂತ ನಮಗೆ ಸಾಮಾನ್ಯ ಸಭೆ, ಮೆಟ್ಟಿಲಿನಲ್ಲಿ ನೇತಾಡುವವರಿಗೆ ವೀಕ್ಷಕ ಸ್ಥಾನ. "ಮತ್ತೆ ನೀವು?" ಎಂದು ಕೇಳಿದೆ. "ನಾನು ಎಂತ ಟೀಚರ್ರೆ, ನಾನು ಸೆಕ್ರೆಟರಿ ಜನರಲ್. ಗಾಡಿ ನಂದಲ್ಲ ಅನ್ನೋ ಹಾಗೆ ಓಡಿಸೋನು" ಎಂದರು.

ರೇಡಿಯೋದ ಬೆಳಗಿನ ವಾರ್ತೆ ಶುರುವಾಗುವುದಕ್ಕೂ ನಾವು ಮೊದಲ ಇಳಿಜಾರು ಇಳಿಯುವುದಕ್ಕೂ ಸರಿಹೋಗುತ್ತಿತ್ತು. ಅವರಿಗೆ ವಾರ್ತೆಯ ಹುಚ್ಚು. ಅದರಲ್ಲೂ ಒಂದು ಮಾತು ಬಂದರೆ ಸಾಕು, ಕಿವಿ ನೆಟ್ಟಗಾಗುತ್ತಿತ್ತು: 'ಅಂತಾರಾಷ್ಟ್ರೀಯ ಸಮುದಾಯ.' ಅದು ಒಂದು ದಿನ ಕಳವಳ ವ್ಯಕ್ತಪಡಿಸುತ್ತಿತ್ತು, ಮರುದಿನ ಖಂಡಿಸುತ್ತಿತ್ತು, ಇನ್ನೊಂದು ದಿನ ಸೂಕ್ಷ್ಮವಾಗಿ ಗಮನಿಸುತ್ತಿತ್ತು.

"ಇವ್ರು ಯಾರು ಟೀಚರ್ರೆ? ಇವ್ರ ಮನೆ ಎಲ್ಲಿ ಬರುತ್ತೆ?"

"ಎಲ್ಲ ದೇಶಗಳೂ ಸೇರಿದ್ರೆ ಅದೇ ಅಂತಾರಾಷ್ಟ್ರೀಯ ಸಮುದಾಯ."

ಅವರು ಒಂದು ತಿರುವು ದಾಟುವವರೆಗೆ ಯೋಚಿಸಿದರು. "ಹಾಗಾದ್ರೆ ಬೈಸ್ಕೊಳ್ಳೋ ದೇಶಾನೂ ಅದ್ರೊಳಗೇ ಇರ್ಬೇಕಲ್ಲ? ತನ್ನನ್ನ ತಾನೇ ಬೈಕೊಳ್ತದಾ?"

ನಾನು ಬಿ.ಎ. ಓದಿದ್ದೆ, ಬಿ.ಎಡ್. ಓದಿದ್ದೆ. ಈ ಪ್ರಶ್ನೆಗೆ ಉತ್ತರ ಎರಡರಲ್ಲೂ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದು ಇಳಿದೆ. ಆ ನಾಳೆಯನ್ನು ಅವರು ವರ್ಷಗಟ್ಟಲೆ ನೆನಪಿಸುತ್ತಿದ್ದರು. ಜೀಪು ಹತ್ತುವಾಗ ಎಲ್ಲರಿಗೂ ನಮಸ್ಕಾರ ಸಿಕ್ಕರೆ ನನಗೆ "ಅರ್ಥ ಸಿಕ್ತಾ?" ಎಂಬ ಪ್ರಶ್ನೆ ಸಿಗುತ್ತಿತ್ತು.

ನಮ್ಮ ದೇಶ ಮರುಭೂಮಿಯಲ್ಲಿ ಅಣುಬಾಂಬು ಸಿಡಿಸಿದ ಬೇಸಿಗೆಯಲ್ಲಂತೂ ಅವರನ್ನು ಹಿಡಿಯುವವರೇ ಇರಲಿಲ್ಲ. ನಾನು ರಜೆ ಮುಗಿಸಿ ಬರುವಷ್ಟರಲ್ಲಿ ಕೊತಕೊತ ಕುದಿಯುತ್ತಿದ್ದರು. ಬಾಂಬು ಸಿಡಿಸಿದ್ದು ಸರಿಯೋ ತಪ್ಪೋ ಎಂಬ ಬಗ್ಗೆ ಅವರಿಗೆ ಅಷ್ಟು ಆಸಕ್ತಿ ಇರಲಿಲ್ಲ. ಅವರ ಸಿಟ್ಟೇ ಬೇರೆ.

"ಅಂತಾರಾಷ್ಟ್ರೀಯ ಸಮುದಾಯ ಭಾರತವನ್ನು ಖಂಡಿಸಿದೆ ಅಂದ್ರು ಟೀಚರ್ರೆ ರೇಡಿಯೋದಲ್ಲಿ. ಇಷ್ಟು ಕೋಟಿ ಜನ ನಾವು. ನಮ್ಮನ್ನ ಬಿಟ್ಟು ಅದೆಂತ ಸಮುದಾಯ? ನಾವು ಯಾವಾಗ ಇಳಿದ್ವಿ? ಯಾರು ಇಳಿಸಿದ್ದು? ಟಿಕೆಟ್ ಇಲ್ಲ ಅಂದ್ರಾ?"

"ನಿರ್ಬಂಧ ಹಾಕಿದಾರಂತೆ" ಎಂದರು ಗೌಡರು ಕಿಟಕಿಯಿಂದ. "ನಿರ್ಬಂಧ ಅಂದ್ರೆ ಕೊಡೋದು ತಗೊಳ್ಳೋದು ಎಲ್ಲ ಬಂದ್ ಅಂತೆ" ಎಂದು ಅಂಗಡಿಯವರು ಉದ್ದ ಮಾಡಿದರು. ಹಿಂದಿನ ಬೆಂಚಿನ ಮುದುಕಿಯೊಬ್ಬಳು ಹೆದರಿ, ಸಕ್ಕರೆ ಸಿಗುತ್ತದೋ ಇಲ್ಲವೋ ಎಂದು ಕೇಳಿದಳು. ಮನೆಗೆ ಬಂದ ನೆಂಟರಿಗೆ ಆಕೆ ಆ ವಾರವೆಲ್ಲ ಬೆಲ್ಲದ ಕಾಫಿಯನ್ನೇ ಕೊಟ್ಟಳಂತೆ.

ಇಷ್ಟೆಲ್ಲ ನಕ್ಕವರು ನಾವು. ಅದೇ ವರ್ಷ ನಮ್ಮ ಜೀಪಿನಲ್ಲೇ ನಿರ್ಬಂಧ ಹೇರಿದೆವು ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮೇಲಿನ ಊರಿನಿಂದ ಸ್ವಲ್ಪ ಕೆಳಗೆ ಒಬ್ಬ ಹೆಂಗಸಿನ ಮನೆಯಿತ್ತು. ಗಂಡ ಇರಲಿಲ್ಲ. ಒಂದು ಸಣ್ಣ ಕಾಫಿ ತೋಟ, ಒಬ್ಬಳೇ ಮಗಳು. ಮಗಳು ನನ್ನ ಹತ್ತನೇ ತರಗತಿಯಲ್ಲಿದ್ದಳು. ಆಕೆಯ ಅಂಗಳದ ಪಕ್ಕದಿಂದ ಒಂದು ಒಳದಾರಿ ಹಾದು ಹೋಗುತ್ತಿತ್ತು. ಜಾಗ ಆಕೆಯದು. ವರ್ಷಾನುಗಟ್ಟಲೆಯಿಂದ ಬಿಟ್ಟುಕೊಟ್ಟಿದ್ದಳು. ಆ ದಾರಿ ಹಿಡಿದರೆ ಒಂದು ಕೆಟ್ಟ ಏರು ತಪ್ಪುತ್ತಿತ್ತು. ಕಾಫಿ ಕುಯ್ಲಿನ ಸಮಯದಲ್ಲಿ ಒಂದು ದಿನ ಗೌಡರ ಲಾರಿ ಆಕೆಯ ಕಣದ ಮೂಲೆಯ ಮೇಲೇ ಹೋಯಿತು. ಒಣಗಲು ಹರಡಿದ್ದ ಕಾಫಿ ಹಣ್ಣು ಅಪ್ಪಚ್ಚಿಯಾಯಿತು. ಆಕೆ ಬೇರೆ ಏನನ್ನೂ ಕೇಳಲಿಲ್ಲ. "ಗೌಡ್ರು ಒಂದ್ಸಲ ಬಂದು ತಪ್ಪಾಯ್ತು ಅನ್ಲಿ" ಎಂದಳು. "ಲಾರಿ ಹೊಡೆದಿದ್ದು ನಾನಾ?" ಎಂದರು ಗೌಡರು. ಮರುದಿನ ದಾರಿಗೆ ಅಡ್ಡಲಾಗಿ ಎರಡು ಬಿದಿರು ಗಳ ಬಿದ್ದಿದ್ದವು.

ನಮ್ಮ ಜೀಪು ಹಳೆಯ ದಾರಿ ಹಿಡಿಯಬೇಕಾಯಿತು. ಆ ಏರಿನಲ್ಲಿ ದಿನವೂ ಎಲ್ಲರೂ ಇಳಿದು ತಳ್ಳಬೇಕು. ಕಾಯಂ ಸದಸ್ಯರೂ ಇಳಿಯಬೇಕು! ಮೂರನೇ ದಿನಕ್ಕೆ ಮುಂದಿನ ಸೀಟಿನಲ್ಲಿ ಪಿಸುಗುಟ್ಟಿದರು, ನಾಲ್ಕನೇ ದಿನಕ್ಕೆ ಜೀಪಿನ ತುಂಬ ಅದೇ ಮಾತು: ಆ ಮನೆಯವರನ್ನು ಹತ್ತಿಸುವುದು ಬೇಡ ಅಂತ ಊರಿನವರೆಲ್ಲ ಹೇಳಿದ್ದಾರೆ.

ಅವರು ಹತ್ತಿಸಲಿಲ್ಲ.

ತಾಯಿ ಕಳಸದ ಸಂತೆಗೆ ನಡೆದು ಹೋಗಿ ನಡೆದು ಬರುತ್ತಿದ್ದಳು. ಮಗಳು ಶಾಲೆಗೆ ಬೆವರಿಳಿಸಿಕೊಂಡು ಬರುತ್ತಿದ್ದಳು. ಅವರನ್ನು ದಾಟುವಾಗ ಇವರು ಎರಡು ಸಲ ಮೆಲ್ಲಗೆ ಹಾರ್ನ್ ಮಾಡುತ್ತಿದ್ದರು. ದಾರಿ ಬಿಡಿ ಎನ್ನುವ ಹಾರ್ನಲ್ಲ ಅದು. ಅದು ಅವರ 'ತೀವ್ರ ಕಳವಳ'. ನಾನು ನನ್ನ ಒಂದು ಗೇಣು ಜಾಗದಲ್ಲಿ ಕೂತು ಪುಸ್ತಕ ನೋಡುತ್ತಿದ್ದೆ. ಪುಸ್ತಕದಲ್ಲಿ ಏನೂ ಕಾಣುತ್ತಿರಲಿಲ್ಲ. ಜೀಪಿನಲ್ಲಿ ಆಗ ಯಾರೂ ನಗುತ್ತಲೂ ಇರಲಿಲ್ಲ.

ಹತ್ತನೇ ತರಗತಿಯ ಪರೀಕ್ಷೆ ಬಂತು. ಕೇಂದ್ರ ಕಳಸದಲ್ಲಿ. ಶಾಲೆಗಾದರೆ ನಡೆದು ಬರಬಹುದು, ಕಳಸಕ್ಕೆ ಎರಡು ಪಟ್ಟು ದೂರ. ನಡೆದು ಹೋಗಿ ಮೂರು ಗಂಟೆ ಕೂತು ಬರೆಯುವುದು ಹೇಗೆ? ಪರೀಕ್ಷೆಯ ಹಿಂದಿನ ಸಂಜೆ ನಾನು ನಮ್ಮ ಜೀಪಿನವರ ಮನೆಗೆ ಹೋದೆ. ಜೀಪು ತೊಳೆಯುತ್ತಿದ್ದರು.

"ಗೌಡ್ರು ಸೀಟು ಬಿಟ್ರೆ ಉಳ್ದೋರೂ ಬಿಡ್ತಾರೆ ಟೀಚರ್ರೆ" ಎಂದರು ತಲೆಯೆತ್ತದೆ. "ಮುಂದಿನ ಸೀಟು ಖಾಲಿ ಬಿದ್ರೆ ಡೀಸೆಲ್ ಕಾಸೂ ಹುಟ್ಟದೆ ಜೀಪು ನಿಲ್ತದೆ. ನಿಂತ್ರೆ ಇಡೀ ಊರಿಗೆ ಗಾಡಿ ಇಲ್ಲ. ನಾನೆಂತ ಮಾಡ್ಲಿ? ಊರಿನವ್ರು ಹೇಳಿದಾರೆ."

"ಊರಿನವ್ರು ಅಂದ್ರೆ ಯಾರು? ಅವ್ರ ಮನೆ ಎಲ್ಲಿ ಬರುತ್ತೆ?" ಎಂದು ಕೇಳಿದೆ.

ಸತ್ಯ ಹೇಳುತ್ತೇನೆ, ಬುದ್ಧಿವಂತಿಕೆಯಿಂದ ಕೇಳಿದ್ದಲ್ಲ. ಸಿಟ್ಟಿನಿಂದ ಬಾಯಿಗೆ ಬಂದದ್ದು. ಅವರ ಕೈಯಲ್ಲಿದ್ದ ಚೊಂಬು ಹಾಗೇ ಓರೆಯಾಗಿ, ನೀರೆಲ್ಲ ಅವರ ಕಾಲಿನ ಮೇಲೇ ಹೋಯಿತು. ನಾನು ಮನೆಗೆ ಬಂದೆ.

ಮರುದಿನ ನನಗೂ ಕಳಸದಲ್ಲಿ ಪರೀಕ್ಷೆಯ ಮೇಲ್ವಿಚಾರಣೆಯ ಕೆಲಸ. ಜೀಪು ಎಂದಿನಂತೆ ತುಂಬಿತು. ಆಕೆಯ ಮನೆಯ ಮುಂದೆ, ಬಿದಿರು ಗಳದ ಪಕ್ಕ, ತಾಯಿ ಮಗಳು ನಿಂತಿದ್ದರು. ಮಗಳ ಎರಡು ಜಡೆ ಬಿಗಿಯಾಗಿತ್ತು. ರಟ್ಟಿನ ಮೇಲೆ ಹಾಲ್ ಟಿಕೆಟ್ಟು ಸಿಕ್ಕಿಸಿ ಎದೆಗೆ ಒತ್ತಿಕೊಂಡಿದ್ದಳು. ಅವರಿಬ್ಬರೂ ಜೀಪನ್ನು ಕೈಮಾಡಿ ನಿಲ್ಲಿಸಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಹಾರ್ನ್ ಬರುತ್ತದೆಂದು ನಾನು ಕಾದೆ.

ಹಾರ್ನ್ ಬರಲಿಲ್ಲ. ಜೀಪು ನಿಂತಿತು. ಇಂಜಿನ್ನೂ ಆಫಾಯಿತು. ಅವರು ಕೈ ಚಾಚಿ ರೇಡಿಯೋವನ್ನೂ ಆರಿಸಿದರು. ವಾರ್ತೆಯ ನಡುವೆ ಅವರು ರೇಡಿಯೋ ಆರಿಸಿದ್ದನ್ನು ನಾವ್ಯಾರೂ ಕಂಡಿರಲಿಲ್ಲ.

ಸೀಟಿನಿಂದಲೇ ಹಿಂದಕ್ಕೆ ತಿರುಗಿ ಕೇಳಿದರು: "ಈ ಮನೆಯವ್ರನ್ನ ಹತ್ತಿಸ್ಬೇಡ ಅಂದೋರು ಯಾರು?"

"ಊರಿನವ್ರು" ಎಂದರು ಯಾರೋ.

"ಊರಿನವ್ರೆಲ್ಲ ಇಲ್ಲೇ ಇದ್ದೀರಿ. ನಾನೇ ಎಣಿಸಿ ಹತ್ತಿಸಿದೀನಿ, ಇಪ್ಪತ್ತೊಂದು ಜನ. ಒಬ್ಬೊಬ್ರೇ ಹೇಳಿ. ಅಜ್ಜೀ, ನೀವು ಅಂದ್ರಾ?"

"ಅಯ್ಯೋ, ನಾನೆಂತಕ್ಕೆ ಅನ್ಲಿ ಮಾರಾಯ! ಅವ್ರೆಲ್ಲ ಅಂದ್ರು" ಎಂದಳು ಬೆಲ್ಲದ ಕಾಫಿಯ ಅಜ್ಜಿ. ಅವಳ ಪಕ್ಕದವನು, ತಾನು ಆ ವಾರ ಊರಿನಲ್ಲೇ ಇರಲಿಲ್ಲ ಎಂದ. ಮೂಟೆಯ ಮೇಲಿನ ಮೂವರು ಒಬ್ಬರನ್ನೊಬ್ಬರು ತೋರಿಸಿದರು. ಒಬ್ಬಾತ ತನಗೆ ಕಿವಿ ಕೇಳಿಸುವುದಿಲ್ಲ ಎಂದ. ಅದುವರೆಗೆ ಅವನಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಮೆಟ್ಟಿಲಿನಲ್ಲಿ ನೇತಾಡುತ್ತಿದ್ದವನೊಬ್ಬ, "ನಾನು ಜೀಪಿನ ಒಳಗೇ ಇಲ್ವಲ್ಲ, ನನ್ನನ್ನೆಂತಕ್ಕೆ ಕೇಳ್ತೀರಿ?" ಎಂದು ಕಾನೂನು ಎತ್ತಿದ. ಅಷ್ಟು ಹೊತ್ತಿಗೆ ಹಿಂದಿನ ಬೆಂಚಿನಿಂದ ಒಂದು ಕಿಸಕ್ ಶುರುವಾಗಿ, ಅದು ಇನ್ನೊಂದು ಬೆಂಚಿಗೆ ಹತ್ತಿ, ತಿಂಗಳುಗಳಿಂದ ಬಿಗಿದುಕೊಂಡಿದ್ದ ಜೀಪು ಗೊಳ್ಳೆಂದಿತು.

"ಟೀಚರ್ರೆ, ನೀವು?"

"ನಾನು ಏನೂ ಹೇಳ್ಲಿಲ್ಲ" ಎಂದೆ. ಹೇಳಿದ ಕೂಡಲೇ ನನ್ನ ಮುಖ ಬಿಸಿಯಾಯಿತು. ಅವರು ನನ್ನನ್ನು ಕನ್ನಡಿಯಲ್ಲಿ ನೋಡಿ, "ನಾನೂ ಅಷ್ಟೇ" ಎಂದರು.

ಮುಂದಿನ ಸೀಟು ಉಳಿದಿತ್ತು. ಅಂಗಡಿಯವರು ಗೌಡರ ಕಡೆ ನೋಡಿದರು. ಗೌಡರು ಹೊರಗೆ ನೋಡಿದರು. "ನಾನೊಬ್ನೇ ಹೇಳಿದ್ದಲ್ಲಪ್ಪ" ಎಂದರು ಕೊನೆಗೆ. "ಎಲ್ರೂ ಹೇಳ್ತಿದ್ರು, ನಾನು ಹೂಂ ಅಂದೆ."

"ಹಾಗಾದ್ರೆ ಯಾರೂ ಹೇಳಿಲ್ಲ. ಸ್ವಲ್ಪ ಸರೀರಿ, ಹುಡುಗಿ ಹತ್ತಲಿ."

"ಅವ್ಳು ಹತ್ತಿದ್ರೆ ನಾನು ಇಳೀತೀನಿ."

ಗೌಡರು ಇಳಿದರೆ ಏನೇನಾಗುತ್ತದೆಂದು ಅವರು ಹಿಂದಿನ ಸಂಜೆ ನನಗೆ ಲೆಕ್ಕ ಒಪ್ಪಿಸಿದ್ದರಲ್ಲ, ಅದೆಲ್ಲ ಅವರ ಮುಖದ ಮೇಲೆ ಹಾದುಹೋದದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದರು.

"ಇಳೀರಿ ಗೌಡ್ರೆ. ಜೋಪಾನ, ಮೆಟ್ಲು ಎತ್ತರ ಇದೆ."

ಗೌಡರು ಇಳಿದರು. ಹುಡುಗಿ ಹತ್ತಿ ಕಿಟಕಿಯ ಬಳಿ ಕೂತಳು. ಅಂಗಡಿಯವರು ತಾವಾಗಿಯೇ ಅರ್ಧ ಗೇಣು ಸರಿದು, ಹುಡುಗಿಯ ಕೈಯ ರಟ್ಟು ಬಾಗದಂತೆ ತಮ್ಮ ಕೊಡೆಯನ್ನು ಕಾಲಿನ ನಡುವೆ ಇಟ್ಟುಕೊಂಡರು. ನಮ್ಮ ಜೀಪು ಹಳೆಯ ದಾರಿಗೆ ತಿರುಗಬೇಕು ಅನ್ನುವಷ್ಟರಲ್ಲಿ ತಾಯಿ ಓಡಿ ಹೋಗಿ ಎರಡೂ ಬಿದಿರು ಗಳ ಎಳೆದು ಪಕ್ಕಕ್ಕೆ ಎಸೆದಳು. "ಇಲ್ಲಿಂದ್ಲೇ ಹೋಗಿ, ಪರೀಕ್ಷೆಗೆ ತಡ ಆಗ್ತದೆ!" ಜೀಪಿನಿಂದ ಎದ್ದ ಕೇಕೆಗೆ ಅವಳ ಮನೆಯ ಕೋಳಿಗಳೆಲ್ಲ ಅಟ್ಟ ಹತ್ತಿದವು. ಅಜ್ಜಿ ನನ್ನ ತೊಡೆಗೆ ಹೊಡೆದು ಹೊಡೆದು ನಕ್ಕಳು. ಏಕೆಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ಹಿಂತಿರುಗಿ ನೋಡಿದಾಗ ಗೌಡರು ಬಿಸಿಲಲ್ಲಿ ಒಬ್ಬರೇ ನಿಂತಿದ್ದರು. ಆಮೇಲೆ ಆದದ್ದನ್ನು ನಾವು ಆ ತಾಯಿಯಿಂದಲೇ ಕೇಳಿದೆವು. ಆಕೆ ಅವರನ್ನು ಜಗಲಿಗೆ ಕರೆದು ಕಾಫಿ ಕೊಟ್ಟಳಂತೆ. ಜಗಲಿಯಲ್ಲಿ ಕೂತರೆ ಎದುರಿಗೇ ಕಣ. ಅದರ ಮೂಲೆಯಲ್ಲಿ ಲಾರಿಯ ಟಯರಿನ ಗುರುತು ಒಣಗಿ ಹಾಗೇ ಇತ್ತು. ಆಕೆ ಅದರ ಮೇಲೆ ಸಗಣಿ ಸಾರಿಸಿರಲಿಲ್ಲ. ಗೌಡರು ಲೋಟ ಖಾಲಿಯಾದ ಮೇಲೂ ಬಹಳ ಹೊತ್ತು ಆ ಗುರುತನ್ನೇ ನೋಡುತ್ತ ಕೂತಿದ್ದರಂತೆ. ಏನಾದರೂ ಹೇಳಿದರಾ ಎಂದು ಕೇಳಿದರೆ ಆಕೆ, "ಕಾಫಿ ಚೆನ್ನಾಗಿದೆ ಅಂದ್ರು" ಎಂದಳು, ಅಷ್ಟೆ. ಆದರೆ ಮರುದಿನ ಆಕೆ ಕಣದ ಮೂಲೆಯನ್ನು ಸಾರಿಸಿದ್ದಳು. ಬಿದಿರು ಗಳ ಮತ್ತೆ ದಾರಿಗೆ ಬರಲಿಲ್ಲ.

ಆ ಸಂಜೆ ಕಳಸದಿಂದ ಮರಳುವಾಗ ಅವರು ನನ್ನನ್ನು ಅರ್ಥ ಕೇಳಲಿಲ್ಲ, ತಾವೇ ಹೇಳಿದರು. "ಟೀಚರ್ರೆ, ಬರ್ಕೊಳ್ಳಿ. ಎಲ್ರೂ ಹೇಳಿದ್ರು ಅಂತಾರಲ್ಲ, ಆ ಎಲ್ರೂ ಅನ್ನೋರು ಎಲ್ಲೂ ಇಲ್ಲ. ನಾನು ಇವತ್ತು ಹುಡುಕಿ ನೋಡ್ದೆ. ಇನ್ನೊಬ್ರು ಬಂದಾಗ ಸರ್ಕೊಂಡು ಜಾಗ ಕೊಡ್ತಾರಲ್ಲ, ಅವ್ರು ಮಾತ್ರ ಸಮುದಾಯ. ಸರೀದೆ ಕೂತ್ರೆ ಅದು ಬರೀ ಮುಂದಿನ ಸೀಟು." ಮುಂದಿನ ವರ್ಷ ನಾನು ಇದನ್ನು ತರಗತಿಯಲ್ಲಿ ಹೇಳಿಬಿಟ್ಟೆ. ಒಬ್ಬ ಮಹಾಶಯ ಕಿರುಪರೀಕ್ಷೆಯಲ್ಲಿ 'ಅಂತಾರಾಷ್ಟ್ರೀಯ ಸಮುದಾಯ ಎಂದರೆ ಸರಿದು ಕೂರುವ ದೇಶಗಳು' ಎಂದು ಬರೆದ. ಪೂರ್ತಿ ಅಂಕ ಕೊಟ್ಟೆ. ಹೆಡ್ಮಾಸ್ಟರು ಕರೆದು ವಿಚಾರಿಸಿದರು. ಅವರಿಗೂ ಕಥೆ ಹೇಳಿದೆ. ಅವರು ಆ ಉತ್ತರಪತ್ರಿಕೆಯನ್ನು ತಮ್ಮ ಬೀರುವಿನಲ್ಲಿ ಇಟ್ಟುಕೊಂಡರು.

ಗೌಡರು ಮಾತ್ರ ನಮ್ಮ ಜೀಪಿಗೆ ಮರಳಲಿಲ್ಲ. ಷೆಡ್ಡಿನಿಂದ ಸ್ವಂತ ಜೀಪು ಹೊರಗೆ ಬಂತು. ಅಂಗಡಿಯವರು ಒಂದು ವಾರ ಅದರಲ್ಲಿ ಹೋಗಿ, ಮಾತಾಡುವವರು ಯಾರೂ ಇಲ್ಲವೆಂದು ನಮ್ಮಲ್ಲಿಗೇ ಬಂದರು. ಎಡತುದಿಯ ಕಿಟಕಿಯಲ್ಲಿ ಆಮೇಲೆ ಯಾರು ಮೊದಲು ಬಂದರೋ ಅವರು ಕೂತರು. ದಾರಿಯಲ್ಲಿ ಎರಡು ಜೀಪುಗಳು ಎದುರಾದಾಗ ಇವರು ಎರಡು ಸಲ ಮೆಲ್ಲಗೆ ಹಾರ್ನ್ ಮಾಡುತ್ತಿದ್ದರು. ಗೌಡರ ಕಡೆಯಿಂದ ಉತ್ತರ ಬರುತ್ತಿರಲಿಲ್ಲ. ವರ್ಷಗಟ್ಟಲೆ ಬರಲಿಲ್ಲ. ಇವರೂ ಬಿಡಲಿಲ್ಲ.

ನಾನು ಕಡಲೆಕಾಯಿ ಪೊಟ್ಟಣ ಅಲ್ಲೇ ಬಿಟ್ಟು, ಸಿಕ್ಕಿದ ಬಸ್ಸು ಹತ್ತಿ ಕಳಸಕ್ಕೆ ಹೋದೆ. ಆಸ್ಪತ್ರೆಯಿಂದ ಅವರನ್ನು ಮೇಲಿನ ಊರಿಗೆ ಒಯ್ಯಬೇಕಿತ್ತು. ಬೇರೆ ಗಾಡಿ ಬೇಡ, ಅವರ ಜೀಪಿನಲ್ಲೇ ಹೋಗಲಿ ಎಂದು ಹೇಳಿದವರು ಯಾರೆಂದು ಕೇಳಿದರೆ ಈ ಸಲ ಪ್ರತಿಯೊಬ್ಬರೂ "ನಾನು" ಎಂದರು. ಅವರನ್ನು ಎರಡು ಬೆಂಚುಗಳ ನಡುವೆ ಮಲಗಿಸಿದೆವು. ಸ್ಟಿಯರಿಂಗು ಹಿಡಿದದ್ದು ಅವರ ತಮ್ಮ. ಪರೀಕ್ಷೆ ಬರೆದ ಹುಡುಗಿ ಮದುವೆಯಾಗಿ ಜಾವಳಿಯಲ್ಲಿದ್ದಳು, ಕಂಕುಳಲ್ಲಿ ಮಗು ಎತ್ತಿಕೊಂಡು ಓಡಿ ಬಂದಿದ್ದಳು. ಅವಳನ್ನು ಎಲ್ಲರೂ ಸೇರಿ ಮುಂದೆ ಕೂರಿಸಿದರು. ಪಕ್ಕದ ಕಿಟಕಿಯ ಜಾಗ ಖಾಲಿ ಉಳಿದಿತ್ತು. ಅವತ್ತು ಅಲ್ಲಿ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಹಿಂದೆ ನಾವು ಅವರ ಕಾಲು ತಗಲದಂತೆ ಮೊಣಕಾಲು ಮಡಚಿ ಒತ್ತೊತ್ತಾಗಿ ಕೂತಿದ್ದೆವು. ಅಜ್ಜಿ ಇರಲಿಲ್ಲ, ತೀರಿಹೋಗಿದ್ದಳು. ಹೆಡ್ಮಾಸ್ಟರು ಮೆಟ್ಟಿಲಿನಲ್ಲಿ ನಿಂತಿದ್ದರು.

ಹೊರಡುವ ಹೊತ್ತಿಗೆ ಗೌಡರು ಬಂದರು. ಕೂದಲೆಲ್ಲ ಬೆಳ್ಳಗಾಗಿತ್ತು, ಕೈಯಲ್ಲಿ ಕೋಲಿತ್ತು. ಅವರ ಸ್ವಂತ ಜೀಪು ರಸ್ತೆಯ ಆಚೆ ನಿಂತಿತ್ತು.

"ಮುಂದೆ ಬನ್ನಿ ಗೌಡ್ರೆ, ನಿಮ್ ಜಾಗ ಖಾಲಿ ಇದೆ" ಎಂದು ಸ್ಟಿಯರಿಂಗಿನಲ್ಲಿದ್ದ ತಮ್ಮ ಕರೆದ.

ಗೌಡರು ಆ ಕಿಟಕಿಯ ಹತ್ತಿರ ಹೋಗಿ ಒಂದು ಕ್ಷಣ ನಿಂತರು. ಮಗುವಿನ ಕೆನ್ನೆ ಮುಟ್ಟಿದರು. ಆಮೇಲೆ ಕೋಲೂರಿಕೊಂಡು ಜೀಪಿನ ಹಿಂದಕ್ಕೆ ನಡೆದು ಬಂದರು. ಮೆಟ್ಟಿಲ ಮೇಲೆ ಕಾಲಿಟ್ಟು, ಕಂಬಿ ಹಿಡಿದು, ಒಳಗೆ ಮಲಗಿದ್ದವರನ್ನು ನೋಡಿದರು.

"ಸ್ವಲ್ಪ ಸರೀರಿ ಮಾರಾಯ್ರೆ" ಎಂದರು.

ನಾವೆಲ್ಲ ಸರಿದೆವು.